ಅಮೆರಿಕದ ಅತಿ ಡೇಂಜರ್ ಏರಿಯಾ ಯಾವುದು? ದಾವಣಗೆರೆಯ ಓದುಗರಿಗೆ ಸಂಪಾದಕರ ಉತ್ತರ

ದಾವಣಗೆರೆಯ ಓದುಗರೊಬ್ಬರ ಪತ್ರ ಹೀಗಿದೆ: “ನನ್ನ ಮಗಳು ಸೆಪ್ಟೆಂಬರಿನಲ್ಲಿ ಶಿಕಾಗೊ ವಿಶ್ವವಿದ್ಯಾಲಯಕ್ಕೆ ಮಾಸ್ಟರ್ಸ್ ಓದಲು ಹೊರಟಿದ್ದಾಳೆ. ಅಂದಿನಿಂದ ಮನೆಯಲ್ಲಿ ಒಂದೇ ವಾದ. ಡಲ್ಲಾಸ್‌ನಲ್ಲಿರುವ ನನ್ನ ಭಾವಮೈದ, ಶಿಕಾಗೊದ ಸೌತ್ ಸೈಡ್‌ಗಿಂತ ಕೆಟ್ಟ ಜಾಗ ಅಮೆರಿಕದಲ್ಲೇ ಇಲ್ಲ ಅನ್ನುತ್ತಾನೆ. ಅಕ್ಕನ ಮಗ ಸೇಂಟ್ ಲೂಯಿಸ್ ಅನ್ನುತ್ತಾನೆ. ನನ್ನ ಹೆಂಡತಿ ಫಿಲಡೆಲ್ಫಿಯಾದ ಕೆನ್ಸಿಂಗ್ಟನ್ ವಿಡಿಯೊ ನೋಡಿ ನಿದ್ದೆಗೆಟ್ಟಿದ್ದಾಳೆ. ನೀವೇ ಒಂದು ಪಟ್ಟಿ ಕೊಟ್ಟು ತೀರ್ಮಾನ ಮಾಡಿ. ಮಗಳನ್ನು ಕಳಿಸಬಹುದೋ ಬೇಡವೋ ಅದನ್ನೂ ಹೇಳಿ. ಸುತ್ತಿ ಬಳಸಿ ಬರೆಯಬೇಡಿ.”

ಯಜಮಾನರೇ,

ನಿಮ್ಮ ಮನೆಯ ಮೂವರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತಿದ್ದಾರೆ. ಅದಕ್ಕೇ ವಾದ ಮುಗಿಯುತ್ತಿಲ್ಲ. ಭಾವಮೈದ ಹೆಣ ಎಣಿಸುತ್ತಿದ್ದಾರೆ. ಅಕ್ಕನ ಮಗ ಭಾಗಾಕಾರ ಮಾಡುತ್ತಿದ್ದಾನೆ. ಮನೆಯವರು ಕಣ್ಣಿಗೆ ಕಂಡದ್ದನ್ನು ನಂಬುತ್ತಿದ್ದಾರೆ.

ಮೊದಲು ಭಾಗಾಕಾರ ನೋಡೋಣ. 2020ರಲ್ಲಿ ಶಿಕಾಗೊದಲ್ಲಿ ಸುಮಾರು 770 ಕೊಲೆಗಳಾದವು. ಅದೇ ವರ್ಷ ಸೇಂಟ್ ಲೂಯಿಸ್‌ನಲ್ಲಿ ಆದದ್ದು 263. ಎಣಿಕೆಯಲ್ಲಿ ಶಿಕಾಗೊ ಎಷ್ಟೋ ಮುಂದೆ. ಆದರೆ ಶಿಕಾಗೊದಲ್ಲಿ 27 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ, ಸೇಂಟ್ ಲೂಯಿಸ್‌ನಲ್ಲಿ ಬರೀ 3 ಲಕ್ಷ. ಒಂದು ಲಕ್ಷ ಜನರಿಗೆ ಇಷ್ಟು ಅಂತ ತೆಗೆದರೆ ಶಿಕಾಗೊ 28ರ ಹತ್ತಿರ ನಿಲ್ಲುತ್ತದೆ, ಸೇಂಟ್ ಲೂಯಿಸ್ 87ಕ್ಕೆ ಹೋಗುತ್ತದೆ. ಅಕ್ಕನ ಮಗ ಗೆದ್ದ ಅನ್ನಿಸುತ್ತದೆ, ಅಲ್ವಾ?

ಸ್ವಲ್ಪ ತಾಳಿ. ಸೇಂಟ್ ಲೂಯಿಸ್ ನಗರ 1876ರಲ್ಲೇ ತನ್ನ ಸುತ್ತಲಿನ ಕೌಂಟಿಯಿಂದ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ಪಾಲು ತೆಗೆದುಕೊಂಡು ಬೇರೆಯಾಯಿತು. ಆಗ ಎಳೆದ ಗಡಿ ಇವತ್ತಿಗೂ ಹಾಗೇ ಇದೆ. ಒಳಗಿರುವುದು ಸುಮಾರು 160 ಚದರ ಕಿಲೋಮೀಟರ್. 1950ರಲ್ಲಿ ಅಷ್ಟರೊಳಗೆ ಎಂಟೂವರೆ ಲಕ್ಷ ಜನ ಇದ್ದರು. ಆಮೇಲೆ ಅನುಕೂಲವಿದ್ದವರೆಲ್ಲ ಗಡಿ ದಾಟಿ ಹೋದರು. ಈಗ ಕೌಂಟಿಯಲ್ಲಿ ಹತ್ತು ಲಕ್ಷ ಜನರಿದ್ದಾರೆ, ಆದರೆ ನಗರದ ಲೆಕ್ಕಕ್ಕೆ ಅವರು ಸೇರುವುದಿಲ್ಲ. ಫ್ಲಾರಿಡಾದ ಜಾಕ್ಸನ್‌ವಿಲ್ ಇದಕ್ಕೆ ತದ್ವಿರುದ್ಧ. ಅದು 1968ರಲ್ಲಿ ತನ್ನ ಕೌಂಟಿಯ ಜತೆ ಒಂದಾಗಿ 1,900 ಚದರ ಕಿಲೋಮೀಟರಿಗೂ ದೊಡ್ಡ ಊರಾಯಿತು. ಅಲ್ಲಿನ ಶಾಂತ ಉಪನಗರಗಳ ಜನರೆಲ್ಲ ಭಾಗಿಸುವ ಜನಸಂಖ್ಯೆಗೆ ಸೇರಿ ದರ ಇಳಿಸುತ್ತಾರೆ. ಸೇಂಟ್ ಲೂಯಿಸ್‌ಗೆ ಆ ಭಾಗ್ಯ ಇಲ್ಲ. ಅಲ್ಲಿ ಕೊಲೆಗಳು ನಿಜ, ಸತ್ತವರೂ ನಿಜ. ಪಟ್ಟಿಯಲ್ಲಿ ಅದು ಮೊದಲನೆಯದೋ ಐದನೆಯದೋ ಅನ್ನುವುದನ್ನು ಮಾತ್ರ ಬಹಳ ಮಟ್ಟಿಗೆ ಆ 1876ರ ಗೆರೆ ತೀರ್ಮಾನಿಸುತ್ತದೆ.

ಇದಕ್ಕೇ ಎಫ್‌ಬಿಐ ತನ್ನ ಅಂಕಿಅಂಶಗಳಿಂದ ಊರುಗಳಿಗೆ ರ‍್ಯಾಂಕ್ ಕೊಡಬೇಡಿ ಅಂತ ಹೇಳುತ್ತಲೇ ಬಂದಿದೆ. 2007ರಲ್ಲಿ ಅಮೆರಿಕದ ಅಪರಾಧಶಾಸ್ತ್ರಜ್ಞರ ಸಂಘ ಇಂಥ ಪಟ್ಟಿಗಳ ವಿರುದ್ಧ ನಿರ್ಣಯವನ್ನೇ ಮಾಡಿತು. ಯಾರೂ ಕೇಳಲಿಲ್ಲ ಬಿಡಿ, ಪಟ್ಟಿಗಳು ಚೆನ್ನಾಗಿ ಮಾರಾಟವಾಗುತ್ತವೆ. 2021ರಲ್ಲಂತೂ ಎಫ್‌ಬಿಐ ಲೆಕ್ಕದ ಪದ್ಧತಿ ಬದಲಾಯಿಸಿದಾಗ ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸ್ ಪೊಲೀಸರು ಅಂಕಿಅಂಶ ಕಳಿಸಲೇ ಇಲ್ಲ. ದೇಶದ ಎರಡು ಅತಿ ದೊಡ್ಡ ಊರುಗಳೇ ಆ ಲೆಕ್ಕದಲ್ಲಿ ಇಲ್ಲ!

ನಗರಗಳ ಕಥೆಯೇ ಹೀಗಾದರೆ ಬಡಾವಣೆಗಳ ಪಟ್ಟಿ ಇನ್ನೂ ತಮಾಷೆ. 2009ರಲ್ಲಿ ಒಂದು ಪಟ್ಟಿ ಸಿನ್ಸಿನಾಟಿಯ ಓವರ್-ದ-ರೈನ್ ಪ್ರದೇಶಕ್ಕೆ ದೇಶದಲ್ಲೇ ಅತಿ ಅಪಾಯದ ಜಾಗ ಅಂತ ಪಟ್ಟ ಕಟ್ಟಿತು. ಜರ್ಮನಿಯಿಂದ ಬಂದವರು ಕಟ್ಟಿದ ಹಳೇ ಕೇರಿ ಅದು, ತುಂಬಾ ಬಡತನ ಕಂಡಿತ್ತು. 2001ರಲ್ಲಿ ಪೊಲೀಸರ ಗುಂಡಿಗೆ ಕಪ್ಪು ಯುವಕನೊಬ್ಬ ಬಲಿಯಾದಾಗ ಗಲಭೆಯೂ ಆಗಿತ್ತು. ಆದರೂ ಆ ಪಟ್ಟಿಯ ಲೆಕ್ಕದ ಬಗ್ಗೆ ಆಗಲೇ ತಕರಾರು ಎದ್ದಿತ್ತು. ಇಂಥ ಕಡೆ ಒಂದು ಸಾಮಾನ್ಯ ತೊಂದರೆ ಇರುತ್ತದೆ. ಮನೆಗಳು ಖಾಲಿಯಾಗಿ ನಿವಾಸಿಗಳು ಕಡಿಮೆ, ಹೊರಗಿನಿಂದ ಬಂದು ಹೋಗುವವರು ಜಾಸ್ತಿ. ಅಪರಾಧ ಇಬ್ಬರದೂ ಲೆಕ್ಕಕ್ಕೆ ಬರುತ್ತದೆ, ಭಾಗಿಸುವುದು ಮಾತ್ರ ನಿವಾಸಿಗಳಿಂದ. ಇವತ್ತು ಓವರ್-ದ-ರೈನ್‌ನಲ್ಲಿ ಬ್ರೂವರಿ, ರೆಸ್ಟೊರೆಂಟು, ದುಬಾರಿ ಫ್ಲ್ಯಾಟುಗಳು. ಅಲ್ಲಿದ್ದ ಬಡವರಲ್ಲಿ ಬಹಳಷ್ಟು ಜನಕ್ಕೆ ಬಾಡಿಗೆ ಎಟುಕದೆ ಹೋಗಿದ್ದು ಬೇರೆಯೇ ಕಥೆ.

ಈಗ ಭಾವಮೈದನ ಸೌತ್ ಸೈಡ್‌ಗೆ ಬರೋಣ. ಅದು ಒಂದು ಬಡಾವಣೆಯ ಹೆಸರಲ್ಲ, ಶಿಕಾಗೊದ ಅರ್ಧದಷ್ಟು ನೆಲ. ನಿಮ್ಮ ಮಗಳ ವಿಶ್ವವಿದ್ಯಾಲಯ ಇರುವ ಹೈಡ್ ಪಾರ್ಕ್ ಅಲ್ಲೇ ಇದೆ. ಪಕ್ಕದ ಕೆನ್‌ವುಡ್‌ನಲ್ಲಿ ಒಬಾಮಾ ಅವರ ಮನೆ ಇದೆ. ಪೊಲೀಸರು, ಅಗ್ನಿಶಾಮಕ ದಳದವರು ಬಹಳಷ್ಟು ಜನ ಮನೆ ಮಾಡಿಕೊಂಡಿರುವ ಮೌಂಟ್ ಗ್ರೀನ್‌ವುಡ್ ಕೂಡ ಸೌತ್ ಸೈಡೇ. ಗುಂಡಿನ ಸದ್ದು ಮತ್ತೆ ಮತ್ತೆ ಕೇಳುವ ಎಂಗಲ್‌ವುಡ್ ಕೂಡ ಅಲ್ಲೇ. ಯೂಟ್ಯೂಬಿನಲ್ಲಿ ಕುಖ್ಯಾತವಾದ “ಓ ಬ್ಲಾಕ್” ಇದೆಯಲ್ಲ, ಅದರ ನಿಜವಾದ ಹೆಸರು ಪಾರ್ಕ್‌ವೇ ಗಾರ್ಡನ್ಸ್. 1950ರ ದಶಕದಲ್ಲಿ ಕಪ್ಪು ಕುಟುಂಬಗಳು ಸಹಕಾರಿ ಪದ್ಧತಿಯಲ್ಲಿ ಸ್ವಂತ ಮಾಡಿಕೊಂಡ ವಸತಿ ಸಮುಚ್ಚಯ ಅದು. ಮಿಶೆಲ್ ಒಬಾಮಾ ಕೂಸಾಗಿದ್ದಾಗ ಅಲ್ಲಿದ್ದರು. ಡ್ರಿಲ್ ಅನ್ನುವ ರ‍್ಯಾಪ್ ಸಂಗೀತದ ಹುಡುಗರು ಅದಕ್ಕೆ ಹೆಸರು ತಂದರು, ಆಮೇಲೆ ಕ್ಯಾಮೆರಾ ಹಿಡಿದವರು ಕಾರಿನಲ್ಲಿ ಸುತ್ತು ಹೊಡೆದು ದುಡ್ಡು ಮಾಡಿಕೊಂಡರು.

ಪಟ್ಟಿ ಬೇಕೇ ಬೇಕು ಅಂತ ನೀವು ಹಟ ಹಿಡಿದರೆ, ನಾನು ಬೆರಳಿಡುವುದು ಸೌತ್ ಸೈಡ್ ಮೇಲೆ ಅಲ್ಲ. ಅದೇ ಊರಿನ ಪಶ್ಚಿಮಕ್ಕಿರುವ ವೆಸ್ಟ್ ಗಾರ್ಫೀಲ್ಡ್ ಪಾರ್ಕ್ ಮೇಲೆ. ಶಿಕಾಗೊವನ್ನು 77 ಪ್ರದೇಶಗಳಾಗಿ ಹಂಚಿದ್ದಾರೆ. 1920ರ ದಶಕದಲ್ಲಿ ಆ ಗೆರೆಗಳನ್ನು ಎಳೆದವರು ನಿಮ್ಮ ಮಗಳು ಸೇರಲಿರುವ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞರೇ. ಬರೀ ಎಣಿಕೆಯಲ್ಲಿ ಆಸ್ಟಿನ್ ಪ್ರದೇಶ ಆಗಾಗ ಮೇಲೆ ಬರುತ್ತದೆ, ಯಾಕೆಂದರೆ ಅಲ್ಲಿ 96 ಸಾವಿರ ಜನ. ಅದರ ಪಕ್ಕದ ವೆಸ್ಟ್ ಗಾರ್ಫೀಲ್ಡ್ ಪಾರ್ಕ್‌ನಲ್ಲಿ ಇರುವುದು 17 ಸಾವಿರ ಜನ ಮಾತ್ರ. ದರದ ಲೆಕ್ಕಕ್ಕೆ ಬಂದರೆ ಅದು ಶಿಕಾಗೊದ ಮೇಲಿನ ಸಾಲಿನಲ್ಲೇ ಇರುತ್ತದೆ.

1970ರಲ್ಲಿ ಅಲ್ಲಿ 48 ಸಾವಿರ ಜನರಿದ್ದರು. ಅದಕ್ಕೂ ಸ್ವಲ್ಪ ಮೊದಲು ಅದು ಬಿಳಿಯರ ಕೇರಿ. ಕಪ್ಪು ಕುಟುಂಬಗಳು ಬರತೊಡಗಿದಾಗ ವೆಸ್ಟ್ ಸೈಡ್‌ನಲ್ಲೆಲ್ಲ ದಲ್ಲಾಳಿಗಳು ಒಂದು ಆಟ ಆಡಿದರು. ಬಿಳಿಯರನ್ನು ಹೆದರಿಸಿ ಮನೆಗಳನ್ನು ಅಗ್ಗಕ್ಕೆ ಕೊಂಡರು, ಅವನ್ನೇ ಕಪ್ಪು ಜನರಿಗೆ ದುಪ್ಪಟ್ಟು ಬೆಲೆಗೆ ಕಂತಿನ ಮೇಲೆ ಮಾರಿದರು. ಬ್ಯಾಂಕುಗಳು ಅವರಿಗೆ ಸಾಲ ಕೊಡುತ್ತಿರಲಿಲ್ಲ. ಒಂದು ಕಂತು ತಪ್ಪಿದರೂ ಮನೆ ಹೋಯಿತು, ಅಷ್ಟರವರೆಗೆ ಕಟ್ಟಿದ ದುಡ್ಡೂ ಹೋಯಿತು. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದಾಗ ಮ್ಯಾಡಿಸನ್ ಬೀದಿಯ ಅಂಗಡಿಸಾಲು ಸುಟ್ಟುಹೋಯಿತು. ಪಕ್ಕದ ಸಿಸೆರೊದಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಹಾಥಾರ್ನ್ ಕಾರ್ಖಾನೆ ಇತ್ತು. ಒಂದು ಕಾಲಕ್ಕೆ 40 ಸಾವಿರಕ್ಕೂ ಹೆಚ್ಚು ಜನ ದುಡಿದ ಜಾಗ. 1983ರಲ್ಲಿ ಅದೂ ಮುಚ್ಚಿತು. ದುಡಿಮೆ ಹೋಯಿತು, ಅಂಗಡಿ ಹೋಯಿತು, ಮನೆ ಹೋಯಿತು. ಹೆರಾಯಿನ್ ಉಳಿಯಿತು. ಊರಿನಿಂದ ಪಶ್ಚಿಮದ ಉಪನಗರಗಳಿಗೆ ಹೋಗುವ ಐಸೆನ್‌ಹೋವರ್ ಹೆದ್ದಾರಿಗೆ ಜನ “ಹೆರಾಯಿನ್ ಹೈವೇ” ಅಂತಲೇ ಕರೆಯುತ್ತಾರೆ. ಕೊಳ್ಳುವವರು ಅನುಕೂಲಸ್ಥ ಉಪನಗರಗಳಿಂದ ಕಾರಿನಲ್ಲಿ ಬಂದು ಹೋಗುತ್ತಾರೆ. ಅವರ ಬಡಾವಣೆ ಯಾವ ಪಟ್ಟಿಯಲ್ಲೂ ಬರುವುದಿಲ್ಲ, ನೋಡಿ.

ಇದೇ ಕೇರಿಯಲ್ಲಿ 2000ದಲ್ಲಿ ಸೀಸ್‌ಫೈರ್ ಅನ್ನುವ ಕೆಲಸ ಶುರುವಾಯಿತು. ಗ್ಯಾರಿ ಸ್ಲಟ್ಕಿನ್ ಅನ್ನುವ ಸಾಂಕ್ರಾಮಿಕ ರೋಗಗಳ ವೈದ್ಯರು ಶುರು ಮಾಡಿದ್ದು. ಗುಂಡೇಟು ರೋಗದ ಹಾಗೆ ಒಬ್ಬರಿಂದ ಒಬ್ಬರಿಗೆ ಹಬ್ಬುತ್ತದೆ, ಸೇಡು ತೀರಿಸಲು ಹೊರಟವನನ್ನು ದಾರಿಯಲ್ಲೇ ತಡೆಯಬೇಕು ಅನ್ನುವುದು ಅವರ ವಾದ. ತಡೆಯುವವರು ಅದೇ ಬೀದಿಯಲ್ಲಿ ಬೆಳೆದವರು, ಕೆಲವರು ಜೈಲು ಕಂಡವರು. ಎಷ್ಟು ಫಲ ಕೊಟ್ಟಿತು ಅನ್ನುವುದರಲ್ಲಿ ಸಂಶೋಧಕರಿಗೆ ಒಮ್ಮತವಿಲ್ಲ. ಆದರೆ ಆ ಮಾದರಿ ಬಾಲ್ಟಿಮೋರ್ ಸೇರಿ ಹಲವು ಊರುಗಳಿಗೆ ಹೋಯಿತು.

ಆ ಕೇರಿಯೊಳಗೂ ಅಪಾಯ ಸಮನಾಗಿ ಹರಡಿಲ್ಲ. ಬಾಸ್ಟನ್‌ನಲ್ಲಿ 1980ರಿಂದ 2008ರವರೆಗಿನ ಗುಂಡಿನ ಪ್ರಕರಣಗಳನ್ನು ಬೀದಿಬೀದಿಯಾಗಿ ಗುರುತಿಸಿದಾಗ, ನೂರಕ್ಕೆ 5ಕ್ಕಿಂತ ಕಡಿಮೆ ಬೀದಿಗಳಲ್ಲೇ ಸುಮಾರು ಮುಕ್ಕಾಲು ಪಾಲು ಆಗಿದ್ದು ಕಂಡಿತು. ಶಿಕಾಗೊದಲ್ಲಿ ಸಮಾಜಶಾಸ್ತ್ರಜ್ಞ ಆಂಡ್ರ್ಯೂ ಪಾಪಕ್ರಿಸ್ಟೋಸ್ ಮತ್ತು ಅವರ ಜತೆಯವರು ಜನರ ಸಂಪರ್ಕಜಾಲ ನೋಡಿದರು. ಗುಂಡೇಟು ತಿಂದು ಬದುಕಿದವರಲ್ಲಿ ನೂರಕ್ಕೆ 70 ಮಂದಿ, ಒಟ್ಟಿಗೆ ಬಂಧನವಾದವರ ಜಾಲಕ್ಕೆ ಸೇರಿದ್ದರು. ಆ ಜಾಲದಲ್ಲಿದ್ದವರು ಊರಿನ ಜನಸಂಖ್ಯೆಯಲ್ಲಿ ನೂರಕ್ಕೆ 6ಕ್ಕಿಂತ ಕಡಿಮೆ. ಅಂದರೆ ಯಾವ ರಸ್ತೆಯ ತಿರುವಿನಲ್ಲಿ ನಿಂತಿದ್ದೀರಿ, ಯಾರ ಜತೆ ಓಡಾಡುತ್ತೀರಿ ಅನ್ನುವುದೇ ಹೆಚ್ಚು ಮುಖ್ಯ. ಅದೇ ಕೇರಿಯಲ್ಲಿ ಬೆಳಿಗ್ಗೆ ಬಸ್ ಹಿಡಿದು ಆಸ್ಪತ್ರೆ ಕೆಲಸಕ್ಕೆ ಹೋಗುವ ಅಮ್ಮಂದಿರೂ ಇದ್ದಾರೆ. ಕಿಟಕಿಯಿಂದ ಗುಂಡು ಬಂದೀತು ಅನ್ನುವ ಭಯ ಅವರದು. ಪಟ್ಟಿ ಓದುವ ನಮ್ಮದಲ್ಲ.

ನಿಮ್ಮ ಮನೆಯವರ ಕೆನ್ಸಿಂಗ್ಟನ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮೇಲೆ ಓಡುವ ರೈಲಿನ ಕೆಳಗೆ ಹಾಡಹಗಲೇ ಮಾದಕ ವಸ್ತು ವ್ಯಾಪಾರ, ಬಾಗಿ ನಿಂತಲ್ಲೇ ಜೋಲಿ ಹೊಡೆಯುವ ಮನುಷ್ಯರು. ನೋಡಿದರೆ ಯಾರಿಗಾದರೂ ಹೊಟ್ಟೆ ತೊಳಸುತ್ತದೆ. ಅಲ್ಲಿ ಹಿಂಸೆ ಇಲ್ಲ ಅಂತ ಹೇಳುವುದಿಲ್ಲ. ಆದರೆ ವಿಡಿಯೊದಲ್ಲಿ ಕಾಣುವ ಆ ಜನ ಸಾಯುತ್ತಿರುವುದು ಹೆಚ್ಚಾಗಿ ಮಾದಕ ವಸ್ತುವಿನ ಅತಿಸೇವನೆಯಿಂದ. ಅಪಾಯ ಮೊದಲು ಅವರಿಗೇ. ಅಂದಹಾಗೆ ಫಿಲಡೆಲ್ಫಿಯಾದಲ್ಲಿ 2021ರಲ್ಲಿ 562 ಕೊಲೆಗಳಾದವು, 2024ರಲ್ಲಿ 269. ಅರ್ಧಕ್ಕೂ ಕೆಳಗೆ ಇಳಿಯಿತು. ಶಿಕಾಗೊ ಕೂಡ ಅದೇ ಅವಧಿಯಲ್ಲಿ 800ರ ಹತ್ತಿರದಿಂದ 573ಕ್ಕೆ ಬಂತು, ಸೇಂಟ್ ಲೂಯಿಸ್ 2024ರಲ್ಲಿ 150ಕ್ಕೆ. ಭಾವಮೈದ ಫಾರ್ವರ್ಡ್ ಮಾಡುವ ವಿಡಿಯೊ ಯಾವ ವರ್ಷದ್ದು ಅಂತ ಒಮ್ಮೆ ಕೇಳಿ ನೋಡಿ.

ಇನ್ನೊಂದು ಮಾತು ನಿಷ್ಠುರವಾಗಿ ಹೇಳಬೇಕು. ರಾಬರ್ಟ್ ಸ್ಯಾಂಪ್ಸನ್ ಮತ್ತು ಸ್ಟೀಫನ್ ರಾಡೆನ್‌ಬುಷ್ ಅನ್ನುವ ಸಂಶೋಧಕರು ಶಿಕಾಗೊದ ಬೀದಿಗಳನ್ನು ವಿಡಿಯೊ ಮಾಡಿ, ನಿಜವಾಗಿ ಎಷ್ಟು ಗಲೀಜು, ಎಷ್ಟು ಅವ್ಯವಸ್ಥೆ ಇದೆ ಅಂತ ಅಳೆದರು. ಜನರ ಅನಿಸಿಕೆಯನ್ನೂ ಕೇಳಿದರು. ಕಪ್ಪು ಜನ ಹೆಚ್ಚಿದ್ದ ಕಡೆ, ಇರುವುದಕ್ಕಿಂತ ಜಾಸ್ತಿ ಅವ್ಯವಸ್ಥೆ ಜನರಿಗೆ ಕಂಡಿತ್ತು. ಅಮೆರಿಕಕ್ಕೆ ಹೋದ ನಮ್ಮವರು ಈ ಕಣ್ಣನ್ನು ಬಹಳ ಬೇಗ ಕಲಿಯುತ್ತಾರೆ. “ಆ ಏರಿಯಾ ಸರಿಯಿಲ್ಲ” ಅನ್ನುವಾಗ ಎಷ್ಟೋ ಸಲ ಅಂಕಿಅಂಶ ಹಿಂದೆ ಇರುವುದಿಲ್ಲ, ಮೈಬಣ್ಣ ಇರುತ್ತದೆ. ನಿಮ್ಮ ಮಗಳಿಗೂ ಅಲ್ಲಿ ಈ ಪಾಠ ಹೇಳುವವರು ಸಿಗುತ್ತಾರೆ.

ಈಗ ಅಸಲು ವಿಷಯ. ಮಗಳನ್ನು ಕಳಿಸಿ. ಹೈಡ್ ಪಾರ್ಕ್‌ನಲ್ಲಿ ಅಪಾಯವೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. 2021ರ ನವೆಂಬರಿನಲ್ಲಿ ಕ್ಯಾಂಪಸ್ ಹತ್ತಿರವೇ, ಹಗಲಿನಲ್ಲೇ, ಆಗಷ್ಟೇ ಪದವಿ ಮುಗಿಸಿದ್ದ ಚೀನಾದ ಯುವಕನೊಬ್ಬನನ್ನು ದರೋಡೆಯಲ್ಲಿ ಗುಂಡಿಕ್ಕಿ ಕೊಂದರು. ವಿದ್ಯಾರ್ಥಿಗಳು ದೊಡ್ಡ ಪ್ರತಿಭಟನೆ ಮಾಡಿದರು. ವಿಶ್ವವಿದ್ಯಾಲಯಕ್ಕೆ ತನ್ನದೇ ಪೊಲೀಸ್ ದಳ ಇದೆ. 37ನೇ ರಸ್ತೆಯಿಂದ 64ನೇ ರಸ್ತೆವರೆಗೆ ಅವರ ಗಸ್ತು. ರಾತ್ರಿ ಶಟಲ್ ಬಸ್ಸುಗಳಿವೆ. ಲೈಬ್ರರಿಯಿಂದ ತಡವಾಗಿ ಬರುವಾಗ ಅದನ್ನೇ ಹತ್ತಲಿ, ಮೊಬೈಲ್ ನೋಡುತ್ತಾ ನಡೆಯದಿರಲಿ. ಪಾರ್ಟ್‌ಟೈಮ್ ಅಂತ ರಾತ್ರಿ ಪಾಳಿಯಲ್ಲಿ ಪೆಟ್ರೋಲ್ ಬಂಕಿನ ಅಂಗಡಿ ಕಾಯುವ ಕೆಲಸ ಬೇಡವೇ ಬೇಡ. ಅಮೆರಿಕದಲ್ಲಿ ನಮ್ಮ ಹುಡುಗರು ದರೋಡೆಕೋರರ ಗುಂಡಿಗೆ ಸಿಕ್ಕಿದ್ದು ಅಂಥ ಕೌಂಟರುಗಳಲ್ಲೂ ಇದೆ. ಅಲ್ಲದೆ, ವಿದ್ಯಾರ್ಥಿ ವೀಸಾದಲ್ಲಿ ಅದಕ್ಕೆ ಅನುಮತಿಯೂ ಇಲ್ಲ.

ಯೂಟ್ಯೂಬ್ ಬದಲು ಓದಬೇಕಾದ ಕಾಗದ ಒಂದಿದೆ. 1990ರ ಕ್ಲೆರಿ ಕಾಯ್ದೆ ಪ್ರಕಾರ ಸರ್ಕಾರದ ವಿದ್ಯಾರ್ಥಿ ನೆರವು ಪಡೆಯುವ ಪ್ರತಿ ಕಾಲೇಜೂ ವರ್ಷಕ್ಕೊಮ್ಮೆ, ಅಕ್ಟೋಬರ್ 1ರೊಳಗೆ, ಹಿಂದಿನ ಮೂರು ವರ್ಷಗಳ ಅಪರಾಧದ ಲೆಕ್ಕ ಪ್ರಕಟಿಸಬೇಕು. ಕ್ಯಾಂಪಸ್ ಪೊಲೀಸರು ದಿನದ ದಾಖಲೆಯನ್ನೂ ಸಾರ್ವಜನಿಕರಿಗೆ ತೆರೆದಿಡಬೇಕು. ಬಾಡಿಗೆ ಮನೆ ಹುಡುಕುವ ಮೊದಲು ಮಗಳು ಆ ದಾಖಲೆ ತೆಗೆದು, ತಾನು ನೋಡಿರುವ ಬೀದಿಯ ಹೆಸರು ಎಷ್ಟು ಸಲ ಬಂದಿದೆ ಅಂತ ನೋಡಲಿ. ಆ ಬೀದಿಯಲ್ಲೇ ಇರುವ ಸೀನಿಯರ್ ಒಬ್ಬರನ್ನು ಕೇಳಲಿ. ಡಲ್ಲಾಸ್‌ನಿಂದ ಶಿಕಾಗೊ ಸಾವಿರದ ಇನ್ನೂರು ಕಿಲೋಮೀಟರಿಗೂ ದೂರ. ಭಾವಮೈದನನ್ನು ಕೇಳುವ ಅಗತ್ಯ ಇಲ್ಲ.

– ಸಂಪಾದಕ