ಆಟ ನೋಡಿದ್ದೀರಿ, ಆಡಿಲ್ಲ

ಓದುಗರ ಪತ್ರದ ಸಾರ: ಕಳೆದ ಸಂಚಿಕೆಯಲ್ಲಿ ಒಳ್ಳೆಯ ಬರವಣಿಗೆಯ ವಿಡಿಯೊ ಗೇಮ್‌ಗಳ ಪಟ್ಟಿ ಕೊಟ್ಟಿದ್ದಿರಿ. ಅದರಲ್ಲಿ ಕೆಲವುಗಳ ಕಥಾದೃಶ್ಯಗಳನ್ನು ಯೂಟ್ಯೂಬ್‌ನಲ್ಲಿ ಪೂರ್ತಿ ನೋಡಿದೆ. ಸಾಧಾರಣ ಧಾರಾವಾಹಿಯ ಮಟ್ಟ ದಾಟಲಿಲ್ಲ. ಇವನ್ನು ಕಾದಂಬರಿಗಳ ಪಕ್ಕ ಕೂರಿಸುವುದು ಅತಿಯಾಗಲಿಲ್ಲವೇ? ಮನೆಯಲ್ಲಿ ಮಕ್ಕಳು ಬಿಟ್ಟುಹೋದ ಪ್ಲೇಸ್ಟೇಷನ್ 4 ಇದೆ. ಆಡಿಯೇ ನೋಡಬೇಕು ಎನ್ನುವುದಾದರೆ ಯಾವುದರಿಂದ ಶುರುಮಾಡಲಿ? ಹಳೆಯ ಕನ್ಸೋಲ್ ಕೊಳ್ಳಬೇಕಾಗುತ್ತದೆಯೇ?

ಸಂಪಾದಕರ ಉತ್ತರ:

ಕಥಾದೃಶ್ಯಗಳ ಬಗ್ಗೆ ನಿಮ್ಮೊಂದಿಗೆ ನಮಗೆ ಜಗಳವಿಲ್ಲ. ಬಹುಪಾಲು ನೀವಂದ ಮಟ್ಟದವೇ. ಕೆಲವು ಅದಕ್ಕೂ ಕಡೆ. ತಕರಾರು ಇರುವುದು ನೀವು ಹುಡುಕಿದ ಜಾಗದ ಬಗ್ಗೆ. ಆಡುವವರು ಕೈಯಿಂದ ಏನೋ ಒಂದು ಕೆಲಸ ಮಾಡುತ್ತಿರುತ್ತಾರೆ. ಆ ಕೆಲಸಕ್ಕೂ ಆಗ ಕಿವಿಗೆ ಬೀಳುವ ಮಾತಿಗೂ ಗಂಟು ಹಾಕುವುದೇ ಗೇಮ್ ಬರೆಯುವವರ ಕಸುಬು. ಯೂಟ್ಯೂಬ್‌ನಲ್ಲಿ ಮಾತು ಉಳಿದಿರುತ್ತದೆ, ಗಂಟು ಬಿಚ್ಚಿಹೋಗಿರುತ್ತದೆ.

‘ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್’ (2017) ನೋಡಿ. ಒಂದು ಕುಟುಂಬದವರು ಒಬ್ಬೊಬ್ಬರಾಗಿ ಹೇಗೆ ಸತ್ತರು ಎಂಬ ಕಥೆ. ಅದರಲ್ಲಿ ಲೂಯಿಸ್ ಎಂಬ ಯುವಕನಿಗೆ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಕೆಲಸ. ಕೈಯಲ್ಲಿ ಹಿಡಿಯುವ ಕಂಟ್ರೋಲರಿನ ಮೇಲೆ ಹೆಬ್ಬೆರಳಿಂದ ಆಡಿಸುವ ಎರಡು ಪುಟ್ಟ ಕಡ್ಡಿಗಳಿವೆ, ಅವೇ ಸ್ಟಿಕ್ಕುಗಳು. ಬಲ ಸ್ಟಿಕ್ ಅವನ ಕೈ: ಮೀನು ಎಳೆದುಕೊಳ್ಳಿ, ಬ್ಲೇಡಿಗೆ ಕೊಡಿ, ತಲೆ ಹಾರಿದ ಮೇಲೆ ಬೆಲ್ಟಿಗೆ ಹಾಕಿ, ಮತ್ತೆ ಮುಂದಿನ ಮೀನು. ಅವನ ಮನೋವೈದ್ಯೆ ಬರೆದ ಪತ್ರ ಹಿನ್ನೆಲೆಯಲ್ಲಿ ಕೇಳುತ್ತಿರುತ್ತದೆ. ಅವನು ಹಗಲುಗನಸಿಗೆ ಬಿದ್ದ ಎಂದು ಪತ್ರ ಹೇಳುವ ಹೊತ್ತಿಗೆ ಪರದೆಯ ಒಂದು ಭಾಗದಲ್ಲಿ ಕನಸಿನ ಲೋಕ ಪುಟ್ಟದಾಗಿ ಮೂಡುತ್ತದೆ. ಅಲ್ಲಿ ನಡೆದಾಡುವವನನ್ನು ಎಡ ಸ್ಟಿಕ್ಕಿನಿಂದ ನಡೆಸಬೇಕು. ಮೊದಮೊದಲು ಎರಡೂ ಕೈ ಒಟ್ಟಿಗೆ ನಡೆಯದೆ ಮೀನು ತಪ್ಪುತ್ತದೆ. ಕನಸು ಬೆಳೆಯುತ್ತಾ ಪರದೆಯನ್ನೆಲ್ಲ ಆವರಿಸುವಷ್ಟರಲ್ಲಿ ಬಲಗೈ ನೋಡದೆಯೇ ಕತ್ತರಿಸುವುದನ್ನು ಕಲಿತಿರುತ್ತದೆ. ಮೈಮರೆವೆಂದರೇನು ಎಂದು ಯಾರೂ ವಿವರಿಸುವುದಿಲ್ಲ. ನಿಮ್ಮ ಹೆಬ್ಬೆರಳಿಗೆ ಅದು ಗೊತ್ತಾಗಿಬಿಟ್ಟಿರುತ್ತದೆ. ಬ್ಲೇಡ್ ಮಾತ್ರ ಅಲ್ಲೇ ಇದೆ.

ಇದರಿಂದಲೇ ಶುರುಮಾಡಿ. ಪಿಎಸ್4ನಲ್ಲಿ (ನಿಮ್ಮ ಪ್ಲೇಸ್ಟೇಷನ್ 4) ಸಿಗುತ್ತದೆ, ಎರಡು ಮೂರು ಗಂಟೆಯಲ್ಲಿ ಮುಗಿಯುತ್ತದೆ, ಗುರಿಯಿಟ್ಟು ಹೊಡೆಯುವ ಚುರುಕು ಬೇಕಿಲ್ಲ. ಕಂಟ್ರೋಲರ್ ಹೊಸದಾಗಿ ಹಿಡಿದವರು ಎಡ ಸ್ಟಿಕ್ಕಿನಿಂದ ನಡೆಯುತ್ತಲೇ ಬಲ ಸ್ಟಿಕ್ಕಿನಿಂದ ನೋಟ ತಿರುಗಿಸಲು ಹೋಗಿ ತಲೆಸುತ್ತು ಬರಿಸಿಕೊಳ್ಳುತ್ತಾರೆ. ಮೊದಲ ಅರ್ಧ ಗಂಟೆ ನಿಂತು ನೋಡಿ, ಆಮೇಲೆ ನಡೆಯಿರಿ.

ಕಾದಂಬರಿ ಓದುವವರಿಗೆ ನಿಜವಾದ ಊಟ ‘ಡಿಸ್ಕೊ ಎಲಿಸಿಯಂ’. 2019ರಲ್ಲಿ ಪಿಸಿಗೆ ಬಂತು. ಸಂಭಾಷಣೆಗೆಲ್ಲ ಧ್ವನಿ ಕೊಟ್ಟ ‘ಫೈನಲ್ ಕಟ್’ 2021ರ ಮಾರ್ಚ್‌ನಲ್ಲಿ ಪಿಎಸ್4 ಮತ್ತು ಪಿಎಸ್5ಕ್ಕೆ, ಅದೇ ವರ್ಷ ಸ್ವಿಚ್, ಎಕ್ಸ್‌ಬಾಕ್ಸ್ ಎಂಬ ಬೇರೆ ಕನ್ಸೋಲ್‌ಗಳಿಗೆ ಬಂತು. ಕುಡಿದು ನೆನಪೆಲ್ಲ ಅಳಿಸಿಕೊಂಡ ಪತ್ತೇದಾರ, ಮರಕ್ಕೆ ನೇತಾಡುವ ಹೆಣ. ತರ್ಕ, ಅನುಕಂಪ, ಅಧಿಕಾರ ಹೀಗೆ ಅವನ 24 ಸಾಮರ್ಥ್ಯಗಳು ತಲೆಯೊಳಗೆ ಒಂದೊಂದು ಪಾತ್ರವಾಗಿ ಮಾತಾಡುತ್ತವೆ, ಒಂದರ ಮೇಲೊಂದು ಹರಿಹಾಯುತ್ತವೆ, ಕೆಟ್ಟ ಸಲಹೆಯನ್ನೂ ಧೈರ್ಯವಾಗಿ ಕೊಡುತ್ತವೆ. ನೀವು ಯಾವುದಕ್ಕೆ ಅಂಕ ಹಾಕಿದಿರೋ ಅದು ಹೆಚ್ಚು ಬಾಯಿ ಹಾಕುತ್ತದೆ. ಹಾಗಾಗಿ ಇಬ್ಬರು ಆಡಿದರೆ ಇಬ್ಬರೂ ಓದುವ ಪಠ್ಯ ಬೇರೆ. ಇದನ್ನು ಯೂಟ್ಯೂಬ್‌ನಲ್ಲಿ ನೋಡಿದರೆ ಬೇರೆ ಯಾರದೋ ಪತ್ತೇದಾರನನ್ನು ನೋಡಿದಂತೆ.

ಇಲ್ಲಿ ಎಡವುವುದು ಆರಂಭದಲ್ಲೇ. ನಾಲ್ಕು ಮೂಲಗುಣಗಳಿಗೆ ಒಟ್ಟು 12 ಅಂಕ ಹಂಚಬೇಕು. ಬುದ್ಧಿಗೇ ಸುರಿದು ದೈಹಿಕ ಗುಣಕ್ಕೆ 1 ಮಾತ್ರ ಬಿಟ್ಟವರು ಮೊದಲ ಕೋಣೆಯಲ್ಲೇ ಫ್ಯಾನಿಗೆ ಸಿಕ್ಕಿಕೊಂಡ ಟೈ ಎಳೆಯಲು ಹೋಗಿ ಹೃದಯಾಘಾತದಿಂದ ಸಾಯುವುದುಂಟು. ದೈಹಿಕ ಗುಣದಿಂದ ಆರೋಗ್ಯ, ಮನೋಬಲದ ಗುಣದಿಂದ ಸ್ಥೈರ್ಯ ಬರುವುದರಿಂದ ಎರಡಕ್ಕೂ ಕನಿಷ್ಠ 2 ಇಡಿ. ಕಷ್ಟದ್ದೇನಾದರೂ ಮಾಡಲು ಹೊರಟಾಗ ಎದುರಾಗುವ ಪರೀಕ್ಷೆಗಳಲ್ಲಿ ಎರಡು ದಾಳ ಬೀಳುತ್ತವೆ. ಅವುಗಳ ಮೊತ್ತಕ್ಕೆ ನಿಮ್ಮ ಸಾಮರ್ಥ್ಯ ಸೇರಿ ಗುರಿಯ ಸಂಖ್ಯೆ ಮುಟ್ಟಬೇಕು. ಎರಡೂ ಆರು ಬಿದ್ದರೆ ಯಾವಾಗಲೂ ಗೆಲುವು, ಎರಡೂ ಒಂದು ಬಿದ್ದರೆ ಯಾವಾಗಲೂ ಸೋಲು. ಪರದೆ ತೋರಿಸುವ ಸಾಧ್ಯತೆ ಶೇ 3 ಮತ್ತು ಶೇ 97ರ ನಡುವೆಯೇ ನಿಲ್ಲುವುದು ಇದಕ್ಕೇ. ಪರದೆಯಲ್ಲಿ ಬಿಳಿ ಬಣ್ಣದಲ್ಲಿ ಗುರುತಿಸಿದ ಪರೀಕ್ಷೆ ಸೋತರೆ ಆ ಸಾಮರ್ಥ್ಯಕ್ಕೆ ಅಂಕ ಸೇರಿಸಿ ಮತ್ತೆ ಪ್ರಯತ್ನಿಸಬಹುದು. ಕೆಂಪು ಒಂದೇ ಸಲ. ಕೆಂಪು ಸೋತ ತಕ್ಷಣ ಹಳೆಯ ಸೇವ್ (ಮೊದಲೇ ಉಳಿಸಿಟ್ಟ ಆಟ) ತೆರೆಯುವ ಚಪಲ ಎಲ್ಲರಿಗೂ ಬರುತ್ತದೆ, ದಯವಿಟ್ಟು ಬೇಡ. ಈ ಆಟದ ಅತ್ಯುತ್ತಮ ಸಾಲುಗಳು ಇರುವುದು ಸೋಲಿನ ದಾರಿಯಲ್ಲಿ.

ದೂರದ ಸೋಫಾದಿಂದ ಅಕ್ಷರ ಓದಲಾಗದಿದ್ದರೆ ಪಿಎಸ್4ನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಗೆ ಹೋಗಿ ಜೂಮ್ ಆನ್ ಮಾಡಿ. ಪಿಎಸ್ ಗುಂಡಿ ಹಿಡಿದು ಚೌಕದ ಗುಂಡಿ ಒತ್ತಿದರೆ ಚಿತ್ರ ಹಿಗ್ಗುತ್ತದೆ. ಆ ಹೊತ್ತಿಗೆ ಗುಂಡಿಗಳು ಜೂಮಿನ ವಶವಾಗುತ್ತವೆ, ಆಟ ಕೆಟ್ಟಿತೆಂದು ಗಾಬರಿಯಾಗಬೇಡಿ.

‘ನಿಯರ್: ಆಟೊಮಾಟ’ವನ್ನು (2017) ಮೂರನೆಯದಾಗಿ ಇಟ್ಟುಕೊಳ್ಳಿ. ಇದರಲ್ಲಿ ತಾನಾಗಿ ಸೇವ್ ಆಗುವ ವ್ಯವಸ್ಥೆ ಇಲ್ಲ. ಪೀಠಿಕೆಯ ಭಾಗದಲ್ಲಿ ಸೇವ್ ಮಾಡಲೂ ಆಗದು, ಸತ್ತರೆ ಮೊದಲಿಂದ. ಆ ಭಾಗವನ್ನು ‘ಈಸಿ’ಯಲ್ಲಿ ದಾಟಿ. ಆಟ ಮಾಡಿದವರ ಹೆಸರುಗಳ ಪಟ್ಟಿ ಮೊದಲ ಸಲ ಓಡಿದಾಗ ಮುಗಿಯಿತೆಂದು ಎತ್ತಿಟ್ಟರೆ ಅರ್ಧ ಕಥೆಯೂ ಸಿಕ್ಕಿರುವುದಿಲ್ಲ. ಎ ಇಂದ ಇ ವರೆಗಿನ ಐದು ಮುಕ್ತಾಯಗಳನ್ನು ಮುಟ್ಟಿ. ಕಟ್ಟಕಡೆಯಲ್ಲಿ ನಿಮ್ಮ ಸೇವ್ ಫೈಲಿನ ಬಗ್ಗೆ ಒಂದು ಪ್ರಶ್ನೆ ಬರುತ್ತದೆ. ಫೈಲನ್ನು ಯುಎಸ್‌ಬಿಗೆ ನಕಲು ಮಾಡಿಟ್ಟುಕೊಂಡು ಉತ್ತರಿಸುವವರಿದ್ದಾರೆ. ಹಾಗೆ ಮಾಡಿದರೆ ಆ ಪ್ರಶ್ನೆಯ ತೂಕವೇ ಹೋಯಿತು.

ಇನ್ನು ಹಳೆಯ ಯಂತ್ರಗಳ ವಿಷಯ. ಯಾವ ಯಂತ್ರ ಎಂಬುದು ಕೆಲವೊಮ್ಮೆ ಬರವಣಿಗೆಯ ಭಾಗವೇ. 1994ರ ‘ಫೈನಲ್ ಫ್ಯಾಂಟಸಿ 6’ ಚಿತ್ರ, ಸಂಗೀತ, ಮಾತು ಎಲ್ಲ ಸೇರಿ 3 ಮೆಗಾಬೈಟ್ ಕಾರ್ಟ್ರಿಜ್‌ನಲ್ಲಿ ಕೂತದ್ದು. ಅದರ ಸಂಭಾಷಣೆಯ ಬಿಗಿಯಲ್ಲಿ ಆ ಇಕ್ಕಟ್ಟಿನ ಪಾಲೂ ಇದೆ. ಎರಡು ಪರದೆಯ ಕೈಯಂತ್ರ ನಿಂಟೆಂಡೊ ಡಿಎಸ್‌ನ ಆಟ ‘999’ (2009) ಮೇಲಿನ ಪರದೆಯಲ್ಲಿ ಸಂಭಾಷಣೆ, ಕೆಳಗಿನದರಲ್ಲಿ ನಿರೂಪಣೆ ಇಟ್ಟಿತು. ಹಾಗೇಕೆ ಎಂಬ ಉತ್ತರ ಕಥೆಯೊಳಗೇ ಇದೆ. ಹೇಳಿದರೆ ಆಟ ಕೆಡುತ್ತದೆ. 2017ರ ಒಂದೇ ಪರದೆಯ ಆವೃತ್ತಿಯಲ್ಲಿ ಇವು ಎರಡು ಪ್ರತ್ಯೇಕ ಓದುವ ಬಗೆಗಳಾದವು. ಕಥೆ ಅದೇ, ಪೆಟ್ಟು ಅಷ್ಟು ಜೋರಲ್ಲ.

1998ರ ಪಿಎಸ್1 ಆಟ ‘ಮೆಟಲ್ ಗೇರ್ ಸಾಲಿಡ್’ನಲ್ಲಿ ಸೈಕೊ ಮ್ಯಾಂಟಿಸ್ ಎಂಬ ಖಳ ನಿಮ್ಮ ಮೆಮೊರಿ ಕಾರ್ಡ್ ಓದಿ, ಅದರಲ್ಲಿ ಈ ಆಟ ತಯಾರಿಸಿದ ಕೊನಾಮಿ ಕಂಪನಿಯ ಬೇರೆ ಕೆಲವು ಆಟಗಳ ಸೇವ್ ಇದ್ದರೆ ಅವುಗಳ ಹೆಸರು ಹೇಳುತ್ತಾನೆ. ಅವನನ್ನು ಮಣಿಸಲು ಕಂಟ್ರೋಲರನ್ನು ಎರಡನೇ ಪೋರ್ಟಿಗೆ ಚುಚ್ಚಬೇಕು. ಪಿಎಸ್3ನಲ್ಲಿ ಮೂಲ ಡಿಸ್ಕ್ ಆಡುವವರು ಪಿಎಸ್ ಗುಂಡಿ ಒತ್ತಿ ಮೆನುವಿನಿಂದ ಕಂಟ್ರೋಲರ್ ಸಂಖ್ಯೆ ಬದಲಿಸಬಹುದು.

ನಿಮ್ಮ ಪಿಎಸ್4 ಪಿಎಸ್1, 2, 3ರ ಡಿಸ್ಕ್‌ಗಳನ್ನು ಓದುವುದಿಲ್ಲ. ಪಿಎಸ್3 ಎಲ್ಲ ಮಾದರಿಗಳೂ ಪಿಎಸ್1 ಡಿಸ್ಕ್ ಓದುತ್ತವೆ. ಪಿಎಸ್2 ಡಿಸ್ಕ್ ಓದುವುದು ಆರಂಭದ ಕೆಲವು ಮಾದರಿಗಳು ಮಾತ್ರ. ಪಿಎಸ್1, ಪಿಎಸ್2 ಆಟಗಳಿಗೆ ಪ್ರದೇಶದ ಬೀಗ ಉಂಟು, ಡಿಸ್ಕ್ ಮತ್ತು ಯಂತ್ರ ಒಂದೇ ಪ್ರದೇಶದವಾಗಿರಲಿ.

ಹಳೆಯದನ್ನು ಕೊಳ್ಳಲೇಬೇಕು ಎನಿಸುವುದು ‘ಸೈಲೆಂಟ್ ಹಿಲ್ 2’ಕ್ಕೆ (2001). ಗಾಯಕ್ಕೆ ಎಷ್ಟು ಬೇಗ ಮದ್ದು ಹಾಕುತ್ತೀರಿ, ಯಾವ ವಸ್ತುವನ್ನು ತೆಗೆದು ತೆಗೆದು ನೋಡುತ್ತೀರಿ ಎಂಬುದನ್ನೆಲ್ಲ ಅದು ಸದ್ದಿಲ್ಲದೆ ಲೆಕ್ಕ ಹಾಕಿ ಮುಕ್ತಾಯ ಆರಿಸುತ್ತದೆ. 2012ರ ಎಚ್‌ಡಿ ಸಂಗ್ರಹ ಬೇಡ; ಅಂತಿಮ ಸೋರ್ಸ್ ಕೋಡ್ ಉಳಿದಿರದ ಕಾರಣ ಅಪೂರ್ಣ ಕೋಡ್‌ನಿಂದ ಕಟ್ಟಿದ್ದು, ಮಂಜೇ ಸರಿಯಾಗಿ ಕವಿಯುವುದಿಲ್ಲ. 2024ರ ಹೊಸ ಆವೃತ್ತಿ ಮೊದಲು ಬಂದದ್ದು ಪಿಎಸ್5 ಮತ್ತು ಪಿಸಿಗೆ. ಆದ್ದರಿಂದ ಪಿಎಸ್2 ಸಿಕ್ಕರೆ 8 ಎಂಬಿ ಅಸಲಿ ಮೆಮೊರಿ ಕಾರ್ಡ್ ಜೊತೆಗಿರಲಿ, ಹಳದಿ ಪಿನ್ನಿನ ಕೇಬಲ್ ಬಿಟ್ಟು, ಚಿತ್ರಕ್ಕೆ ಕೆಂಪು, ಹಸಿರು, ನೀಲಿ ಪಿನ್ನುಗಳಿರುವ ಕಾಂಪೊನೆಂಟ್ ಕೇಬಲ್ ಬಳಸಿ. ಟಿವಿಯಲ್ಲಿ ಅದಕ್ಕೆ ಜಾಗವಿಲ್ಲವೆಂದು ಅಗ್ಗದ ಪರಿವರ್ತಕ ಹಾಕಿದರೆ ಚಿತ್ರ ಮಸುಕಾಗುತ್ತದೆ, ಗುಂಡಿ ಒತ್ತಿದ್ದು ತಡವಾಗಿ ತಲುಪುವುದೂ ಉಂಟು. ಟಿವಿಯಲ್ಲಿ ‘ಗೇಮ್ ಮೋಡ್’ ಹಾಕಿದರೆ ತಡ ಸ್ವಲ್ಪ ಕಡಿಮೆಯಾಗುತ್ತದೆ.