ಚಳಿಗೆ ಹಳೇ ಕಾರು ಸ್ಟಾರ್ಟ್ ಆಗದಿದ್ದರೆ ಮೊದಲು ಸೆಲ್ಫ್ ಸದ್ದು ಕೇಳಿ

ನಿಮ್ಮ ಹಳೇ ಪೆಟ್ರೋಲ್ ಕಾರು ಮಧ್ಯಾಹ್ನ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ, ಬೆಳಿಗ್ಗೆ ಚಳಿಯಲ್ಲಿ ಮಾತ್ರ ಚೋಕ್ ಎಳೆದರೂ ಆಗುವುದಿಲ್ಲ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಬದಲಿಸಬೇಕಾ ಎಂದು ಕೇಳಿದ್ದೀರಿ. ಈಗಲೇ ಬದಲಿಸಬೇಡಿ. ನನ್ನ ಕಾರಿನಲ್ಲೂ ಕೈಯಿಂದ ಎಳೆಯುವ ಚೋಕ್ ಇದೆ. ಇದೇ ತೊಂದರೆಗೆ ನಾನು ಕಾರ್ಬುರೇಟರ್ ಬಿಚ್ಚಿಸಿ ಕ್ಲೀನ್ ಮಾಡಿಸಿದೆ, ಪ್ಲಗ್ ಹೊಸದು ಹಾಕಿಸಿದೆ, ಚೋಕ್ ಕೇಬಲ್ಲೂ ಬದಲಿಸಿದೆ. ಕೊನೆಗೆ ನೋಡಿದರೆ ಎಂಜಿನ್‌ನಿಂದ ಕಾರಿನ ಲೋಹದ ಮೈಗೆ ಬರುವ ಅರ್ಥ್ ವೈರಿನ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ವೈರು) ಬೋಲ್ಟಿಗೆ ತುಕ್ಕು ಹಿಡಿದಿತ್ತು. ಮರಳು ಕಾಗದದಲ್ಲಿ ಉಜ್ಜಿ ಬಿಗಿ ಮಾಡಿದ ಮೇಲೆ ಮರುದಿನ ಬೆಳಿಗ್ಗೆ ಸಲೀಸಾಗಿ ಸ್ಟಾರ್ಟ್ ಆಯಿತು.

ಅದಕ್ಕೇ ಹೇಳುತ್ತಿದ್ದೇನೆ, ಬೆಳಿಗ್ಗೆ ಕೀ ತಿರುಗಿಸಿದಾಗ ಸದ್ದು ಹೇಗಿದೆ ಅಂತ ಮೊದಲು ಕೇಳಿ. ಎಂಜಿನ್ ನಿಧಾನವಾಗಿ, ಭಾರ ಎಳೆಯುವ ಹಾಗೆ ತಿರುಗುತ್ತಿದೆಯಾ? ಅಥವಾ ಚುರುಕಾಗಿ ತಿರುಗುತ್ತಿದ್ದರೂ ಹತ್ತಿಕೊಳ್ಳುತ್ತಿಲ್ಲವಾ? ಎರಡೂ ಬೇರೆ ಬೇರೆ ಕಾಯಿಲೆಗಳು.

ನಿಧಾನವಾಗಿ ತಿರುಗುತ್ತಿದ್ದರೆ ಅದು ಕರೆಂಟಿನ ಕಥೆ. ಬ್ಯಾಟರಿ ಒಳಗಿನ ರಾಸಾಯನಿಕ ಕ್ರಿಯೆ ಚಳಿಗೆ ನಿಧಾನವಾಗುತ್ತದೆ. ಸೊನ್ನೆ ಡಿಗ್ರಿಗೆ ಬಂದರೆ ಸುಮಾರು ಐದರಲ್ಲಿ ಒಂದು ಪಾಲು ಶಕ್ತಿ ಹೋಗುತ್ತದೆ, ಮೈನಸ್ 18 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಅರ್ಧ. ಅದೇ ಹೊತ್ತಿಗೆ ಎಂಜಿನ್ ಆಯಿಲ್ ಗಟ್ಟಿಯಾಗಿರುತ್ತದೆ, ತಿರುಗಿಸಲು ಜಾಸ್ತಿ ಬಲ ಬೇಕು. ಬಲ ಕಡಿಮೆ, ಕೆಲಸ ಜಾಸ್ತಿ. ಇನ್ನೊಂದು ಸಂಗತಿ ತುಂಬಾ ಜನರ ಗಮನಕ್ಕೆ ಬರುವುದಿಲ್ಲ. ಸೆಲ್ಫ್ ಮೋಟಾರ್ ಕರೆಂಟನ್ನೆಲ್ಲ ಎಳೆದುಕೊಂಡಾಗ ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್‌ಗೆ ಸಿಗುವ ವೋಲ್ಟೇಜ್ ಇಳಿದು ಕಿಡಿಯೂ ಸೊರಗುತ್ತದೆ. ನೋಡುವವರಿಗೆ ಪೆಟ್ರೋಲಿನ ತೊಂದರೆ ಅನ್ನಿಸುತ್ತದೆ, ಮೂಲ ಮಾತ್ರ ಬ್ಯಾಟರಿಯಲ್ಲಿ ಇಲ್ಲವೇ ಅದರ ವೈರಿನಲ್ಲಿ ಇರುತ್ತದೆ. ನನಗೆ ಆಗಿದ್ದೂ ಹೀಗೇ.

ಪತ್ತೆ ಹಚ್ಚಲು ವೋಲ್ಟೇಜ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಹತ್ತಿರ ತೋರಿಸಿದರೆ ತುಂಬಿದೆ ಎಂದರ್ಥ. 12.2 ಇದ್ದರೆ ಅರ್ಧ ಖಾಲಿ. ಆಮೇಲೆ ಯಾರಾದರೂ ಸೆಲ್ಫ್ ಹೊಡೆಯುವಾಗ ನೋಡಿ: 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ, ಇಲ್ಲವೇ ಚಾರ್ಜ್ ಸಾಲದು. ಬೀಳದೆಯೂ ಎಂಜಿನ್ ನಿಧಾನವಾಗಿದ್ದರೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್‌ಗೆ, ಇನ್ನೊಂದನ್ನು ಎಂಜಿನ್‌ನ ಬರಿ ಲೋಹಕ್ಕೆ ಹಿಡಿದು ಮತ್ತೆ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ಥ್ ವೈರ್ ಸರಿಯಿಲ್ಲ. ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು ಒಣಗಿಸಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಎಂಜಿನ್‌ನಲ್ಲಿ ತುಂಬಾ ಗಟ್ಟಿ ಆಯಿಲ್ ಇದ್ದರೆ, ಕಾರಿನ ಪುಸ್ತಕದಲ್ಲಿ ಚಳಿಗೆ ಹೇಳಿರುವುದನ್ನು ಹಾಕಿಸಿ. ಡಬ್ಬಿಯ ಮೇಲೆ ಡಬ್ಲ್ಯು ಮುಂಚಿನ ಅಂಕಿ ಕಡಿಮೆ ಇದ್ದಷ್ಟೂ ಚಳಿಯಲ್ಲಿ ಆಯಿಲ್ ತೆಳುವಾಗಿರುತ್ತದೆ; 20ಡಬ್ಲ್ಯು ಬದಲು 10ಡಬ್ಲ್ಯು ಇದ್ದರೆ ಬೆಳಗಿನ ಸೆಲ್ಫ್ ಸದ್ದಿನಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನು ಎಂಜಿನ್ ಚುರುಕಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಪೆಟ್ರೋಲ್ ಮತ್ತು ಕಿಡಿಯ ಕಡೆ ನೋಡಿ. ಚಳಿಯಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಆವಿಯಾಗದೆ ಉರಿಯುವುದಿಲ್ಲ. ಚೋಕ್ ಎಳೆದರೆ ಗಾಳಿಯ ದಾರಿ ಕಿರಿದಾಗಿ ಪೆಟ್ರೋಲ್ ಪಾಲು ಜಾಸ್ತಿ ಆಗುತ್ತದೆ, ಅಷ್ಟೇ ಅದರ ಕೆಲಸ. ಏರ್ ಫಿಲ್ಟರ್ ಮುಚ್ಚಳ ತೆಗೆದು, ಚೋಕ್ ಎಳೆದಾಗ ಒಳಗಿನ ತಗಡು ಪೂರ್ತಿ ಮುಚ್ಚುತ್ತದೆಯಾ ನೋಡಿ. ಕೇಬಲ್ ಸಡಿಲವಾಗಿದ್ದರೆ ನೀವು ಎಳೆದಿದ್ದು ಅಲ್ಲಿಗೆ ತಲುಪಿರುವುದೇ ಇಲ್ಲ. ನಾಲ್ಕೈದು ದಿನ ನಿಂತ ಕಾರಾದರೆ ಕಾರ್ಬುರೇಟರ್ ಬಟ್ಟಲಿನ ಪೆಟ್ರೋಲ್ ಆರಿಹೋಗಿರಬಹುದು. ಪಂಪು ಎಂಜಿನ್‌ನಿಂದಲೇ ನಡೆಯುವ ಕಾರಿನಲ್ಲಿ ಮೊದಲು ಕೆಲವು ಸೆಕೆಂಡ್ ಸುಮ್ನೆ ತಿರುಗಿಸಿ ಬಟ್ಟಲು ತುಂಬಲು ಬಿಡಬೇಕು. ಇಬ್ಬನಿ ಬಿದ್ದ ಬೆಳಿಗ್ಗೆ ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳದ ಒಳಗೆ ತೇವ ಇದ್ದರೂ ಕಿಡಿ ದಾರಿ ತಪ್ಪುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ.

ನಾನು ಬೆಳಿಗ್ಗೆ ಮಾಡುವುದು ಇಷ್ಟು. ಲೈಟು, ಫ್ಯಾನು ಆಫ್. ಆಕ್ಸಿಲರೇಟರ್ ಎರಡು ಸಲ ಒತ್ತಿ ಬಿಡುತ್ತೇನೆ, ಚೋಕ್ ಪೂರ್ತಿ ಎಳೆಯುತ್ತೇನೆ. ಗೇರು ನ್ಯೂಟ್ರಲ್‌ನಲ್ಲಿದ್ದರೂ ಕ್ಲಚ್ ತುಳಿಯುತ್ತೇನೆ, ಆಗ ಗೇರ್‌ಬಾಕ್ಸಿನ ಗಟ್ಟಿ ಆಯಿಲ್ ಕಲಕುವ ಹೊರೆ ಸೆಲ್ಫ್ ಮೇಲೆ ಬೀಳುವುದಿಲ್ಲ. ಆಮೇಲೆ ಹತ್ತು ಸೆಕೆಂಡ್ ಮೀರದಂತೆ ಸೆಲ್ಫ್. ಆಗಲಿಲ್ಲವಾ, ಒಂದು ನಿಮಿಷ ಬಿಡುತ್ತೇನೆ. ಬಿಡದೆ ಹೊಡೆಯುತ್ತಲೇ ಇದ್ದರೆ ಸೆಲ್ಫ್ ಮೋಟಾರ್ ಸುಡುತ್ತದೆ, ಬ್ಯಾಟರಿಯೂ ಖಾಲಿ. ಪೆಟ್ರೋಲ್ ವಾಸನೆ ಗಪ್ಪನೆ ಬಂತು ಅಂದರೆ ಪ್ಲಗ್ ಒದ್ದೆಯಾಗಿದೆ. ಆಗ ಚೋಕ್ ಒಳಗೆ ತಳ್ಳಿ, ಆಕ್ಸಿಲರೇಟರ್ ನೆಲಕ್ಕೆ ತಾಗುವಷ್ಟು ತುಳಿದು ಹಿಡಿದು ಸೆಲ್ಫ್ ಹೊಡೆಯಬೇಕು. ಪದೇ ಪದೇ ಒತ್ತಿ ಬಿಡಬಾರದು, ಒಂದೊಂದು ಸಲ ಒತ್ತಿದಾಗಲೂ ಇನ್ನಷ್ಟು ಪೆಟ್ರೋಲ್ ಒಳಗೆ ಬೀಳುತ್ತದೆ.

ಸ್ಟಾರ್ಟ್ ಆದ ಮೇಲೆ ಎಂಜಿನ್ ತಡೆದುಕೊಳ್ಳುವಷ್ಟಷ್ಟೇ ಚೋಕನ್ನು ಒಳಗೆ ತಳ್ಳುತ್ತಾ ಬನ್ನಿ. ಎಳೆದೇ ಓಡಿಸಿದರೆ ಹೆಚ್ಚಾದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಹಾಕುತ್ತದೆ, ಪ್ಲಗ್ಗಿಗೂ ಮಸಿ ಹಿಡಿಯುತ್ತದೆ. ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಂತೂ ದಯವಿಟ್ಟು ಎಂಜಿನ್ ಬಿಸಿ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಜೀವ ಹೋಗುತ್ತದೆ.

ನಾಳೆ ಬೆಳಿಗ್ಗೆ ಬೇರೇನೂ ಮುಟ್ಟುವ ಮೊದಲು ಬ್ಯಾಟರಿಯ ಎರಡು ವೋಲ್ಟೇಜ್, ಅಂದರೆ ಸುಮ್ಮನೆ ನಿಂತಾಗಿನದು ಮತ್ತು ಸೆಲ್ಫ್ ಹೊಡೆಯುವಾಗಿನದು, ನೋಡಿ ಬರೆಯಿರಿ, ಎಂಜಿನ್ ಹೇಗೆ ತಿರುಗಿತು ಅನ್ನುವುದನ್ನೂ ಸೇರಿಸಿ. ಮುಂದೆ ಏನು ಬಿಚ್ಚಬೇಕು ಅಂತ ಆಗ ಹೇಳುತ್ತೇನೆ.