ನೀರು ನಿಂತರೆ ಆಸ್ಪತ್ರೆ ಸಿದ್ಧವೇ?

ಪ್ರಶ್ನೆ: ನೀರು ಪೂರೈಕೆ ಸ್ಥಗಿತಗೊಂಡಾಗ ಆಸ್ಪತ್ರೆ ಅನುಸರಿಸಬೇಕಾದ ತುರ್ತು ಯೋಜನೆಯನ್ನು ಪರಿಶೀಲಿಸುವ ಹೊಣೆ ನನ್ನ ಮೇಲಿದೆ. ಮುಖ್ಯವಾಗಿ ಏನನ್ನು ನೋಡಬೇಕು?

ಉತ್ತರ: ತೊಟ್ಟಿಯ ಗಾತ್ರಕ್ಕಿಂತ ಮೊದಲು ವಿಭಾಗವಾರು ಬಳಕೆಯ ಲೆಕ್ಕವನ್ನು ಕೇಳಿರಿ. ವಿಶ್ವ ಆರೋಗ್ಯ ಸಂಸ್ಥೆಯ 2008ರ ಮಾರ್ಗಸೂಚಿಯು ಒಳರೋಗಿಯೊಬ್ಬರಿಗೆ ದಿನಕ್ಕೆ 40ರಿಂದ 60 ಲೀಟರ್, ಒಂದು ಶಸ್ತ್ರಚಿಕಿತ್ಸೆಗೆ 100 ಲೀಟರ್ ನೀರನ್ನು ಸೂಚಿಸುತ್ತದೆ. ಡಯಾಲಿಸಿಸ್ ವಿಭಾಗವಿದ್ದರೆ ಈ ಲೆಕ್ಕ ಸಾಲದು. ನಿಮಿಷಕ್ಕೆ ಅರ್ಧ ಲೀಟರ್ ದ್ರಾವಣ ಹರಿಯುವ ನಾಲ್ಕು ಗಂಟೆಗಳ ಒಂದೇ ಚಿಕಿತ್ಸೆಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು ಬೇಕಾಗುತ್ತದೆ, ಶುದ್ಧೀಕರಣದಲ್ಲಿ ಹೊರಹೋಗುವ ನೀರು ಬೇರೆ. ಟ್ಯಾಂಕರ್ ನೀರಿನಲ್ಲಿ ಉಳಿದಿರುವ ಕ್ಲೋರಮೈನ್ (ಸೋಂಕು ನಿವಾರಣೆಗೆ ಬಳಸುವ ಕ್ಲೋರಿನ್ ಸಂಯುಕ್ತ) ಅಂಶವನ್ನು ತೆಗೆಯದೆ ಡಯಾಲಿಸಿಸ್‌ಗೆ ಬಳಸಿದರೆ ರೋಗಿಯ ಕೆಂಪು ರಕ್ತಕಣಗಳು ಒಡೆಯುವ ಅಪಾಯವಿರುವುದರಿಂದ, ಅದನ್ನು ಯಾರು, ಯಾವಾಗ ಪರೀಕ್ಷಿಸುತ್ತಾರೆ ಎಂಬುದು ಯೋಜನೆಯಲ್ಲಿ ಸ್ಪಷ್ಟವಾಗಿರಬೇಕು.

ಕೈಶುದ್ಧಿಗೆ ಆಲ್ಕೋಹಾಲ್ ದ್ರಾವಣವಿದೆ ಎಂಬ ಒಂದೇ ಸಾಲಿನ ಉತ್ತರವನ್ನು ಒಪ್ಪಬೇಡಿ. ತೀವ್ರ ಭೇದಿ ಉಂಟುಮಾಡುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೈಲ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳನ್ನು ಅದು ಕೊಲ್ಲುವುದಿಲ್ಲ, ಅಲ್ಲಿ ಸೋಪು ಮತ್ತು ನೀರಿನಿಂದಲೇ ಕೈ ತೊಳೆಯಬೇಕು. ತುರ್ತಲ್ಲದ ಶಸ್ತ್ರಚಿಕಿತ್ಸೆಗಳನ್ನು ಮುಂದೂಡುವ ಅಧಿಕಾರ ರಾತ್ರಿ ಪಾಳಿಯಲ್ಲಿ ಯಾರದು ಎಂಬುದನ್ನೂ ವಿಚಾರಿಸಿರಿ.

ಬಹುತೇಕ ಯೋಜನೆಗಳು ನೀರು ಮರಳಿದೊಡನೆ ಮುಗಿದುಬಿಡುತ್ತವೆ, ನನ್ನ ದೃಷ್ಟಿಯಲ್ಲಿ ಇದೇ ದೊಡ್ಡ ಲೋಪ. ಕೊಳವೆಗಳಲ್ಲಿ ನಿಂತ ನೀರಿನಲ್ಲಿ ನ್ಯುಮೋನಿಯಾ ತರುವ ಲೆಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಹುದಾದ್ದರಿಂದ ಕೊಳವೆಗಳನ್ನು ತೊಳೆದು, ಮಾದರಿ ಪರೀಕ್ಷಿಸಿದ ನಂತರವೇ ಬಳಕೆ ಆರಂಭಿಸುವ ಕ್ರಮವನ್ನು ಯೋಜನೆಯಲ್ಲಿ ಬರೆದಿರಬೇಕು.